ದರ್ಶನವಲ್ಲ, ಕನಸು: ಮೂಕಜ್ಜಿಯ ಅರಿವಿನ ಪ್ರಶ್ನೆ

ಶಿವರಾಮ ಕಾರಂತರ ‘ಮೂಕಜ್ಜಿಯ ಕನಸುಗಳು’ (1968) ಧರ್ಮವನ್ನು ವಿಚಾರಣೆಗೆ ಒಳಪಡಿಸಿದ ಕಾದಂಬರಿ ಎಂಬ ಮಾತು ಕನ್ನಡ ವಿಮರ್ಶೆಯಲ್ಲಿ ರೂಢವಾಗಿದೆ. ಅದು ತಪ್ಪಲ್ಲ. ಆದರೆ ಆ ವಿಚಾರಣೆ ನಡೆಯುವ ಬಗೆಯನ್ನು ಗಮನಿಸಿದಾಗ ಒಂದು ತೊಡಕು ಎದುರಾಗುತ್ತದೆ. ದೇವರುಗಳು ಮನುಷ್ಯರ ಭಯ, ಬಯಕೆಗಳಿಂದ ಹುಟ್ಟಿ ಕಾಲಕಾಲಕ್ಕೆ ರೂಪ ಬದಲಿಸಿದವರು ಎಂಬುದು ಅಜ್ಜಿಯ ಮಾತಿನ ತಿರುಳು. ಇದು ಮಾನವಶಾಸ್ತ್ರದ ನಿಲುವು. ಅದನ್ನು ಅವಳು ಅರಿತದ್ದು ಮಾತ್ರ ಯಾವ ಶಾಸ್ತ್ರದಿಂದಲೂ ಅಲ್ಲ. ಹಳೆಯ ವಸ್ತುವೊಂದು ಅಂಗೈಗೆ ಬಂದರೆ ಅದರ ಕಾಲವೇ ಅವಳ ಕಣ್ಣೆದುರು ನಿಲ್ಲುತ್ತದೆ. ಸಂದೇಹದ ಇಡೀ ಕಟ್ಟಡಕ್ಕೆ ಇಟ್ಟ ಅಡಿಗಲ್ಲು ಪವಾಡದ್ದು.

ಹೀಗೆ ಬರೆದವರು ಪ್ರಮಾಣವೆಂದರೇನೆಂದು ತಿಳಿಯದವರಲ್ಲ. ‘ಬಾಲ ಪ್ರಪಂಚ’ವನ್ನೂ ‘ವಿಜ್ಞಾನ ಪ್ರಪಂಚ’ದ ಸಂಪುಟಗಳನ್ನೂ ರಚಿಸಿದ ಲೇಖಕರು ಅವರು. ಅಜ್ಜಿಯ ಶಕ್ತಿ ಬರಿಯ ಕಥನತಂತ್ರ, ಅದನ್ನು ಅಕ್ಷರಶಃ ತೆಗೆದುಕೊಳ್ಳಬಾರದು ಎಂಬುದು ಇದಕ್ಕೆ ಸಿಗಬಹುದಾದ ಸುಲಭದ ಸಮಾಧಾನ. ಆದರೆ ಈ ಸಮಾಧಾನ ಸಾಲದು. ನಿರೂಪಕ ಸುಬ್ಬರಾಯ ಓದುಬರಹ ಬಲ್ಲವನು, ಪ್ರಶ್ನೆ ಕೇಳುವ ಸ್ವಭಾವದವನು. ಅವನ ಪ್ರಶ್ನೆಗಳೆಲ್ಲ ದೇವರು, ಪುರಾಣ, ಆಚಾರಗಳತ್ತ ಹರಿಯುತ್ತವೆ. ಅಜ್ಜಿಯ ಕಾಣ್ಕೆ ದಾರಿ ತಪ್ಪಬಹುದೇ ಎಂಬುದರತ್ತ ಅಷ್ಟಾಗಿ ತಿರುಗುವುದಿಲ್ಲ. ನಂಬಿಕೆ ಇಲ್ಲಿ ಅಳಿದಿಲ್ಲ, ಸ್ಥಳ ಬದಲಿಸಿದೆ.

ಕೃತಿಯ ಈ ಬಿಕ್ಕಟ್ಟನ್ನು ಹತ್ತಿರದಿಂದ ಬಲ್ಲ ಓದುಗರು ಗಡಿಯ ಈಚೆಗೂ ಇದ್ದಾರೆ. 1956ರವರೆಗೆ ದಕ್ಷಿಣ ಕನ್ನಡದ ತಾಲೂಕಾಗಿದ್ದ ಕಾಸರಗೋಡಿನಲ್ಲಿ, ಚಂದ್ರಗಿರಿ ಹೊಳೆಯ ಎರಡೂ ದಡಗಳಲ್ಲಿ, ಅತೀಂದ್ರಿಯ ಅರಿವೆಂಬುದು ಪುಸ್ತಕದ ಸಮಸ್ಯೆಯಲ್ಲ. ಕೋಲದಲ್ಲಾಗಲಿ ತೆಯ್ಯಂನಲ್ಲಾಗಲಿ ದೈವ ಆಡಿದ ನುಡಿಗೆ ಕುಟುಂಬದ ವ್ಯಾಜ್ಯವೂ ತಲೆಬಾಗುತ್ತದೆ. ಅಷ್ಟಮಂಗಲ ಪ್ರಶ್ನೆಯಲ್ಲಿ ಕವಡೆ ತೋರಿಸಿದ ದೋಷಕ್ಕೆ ಪರಿಹಾರ ನಡೆಯಲೇಬೇಕು. ತರಗತಿಯಲ್ಲಿ ಜೀವವಿಕಾಸವನ್ನು ಬೋಧಿಸಿ ಸಂಜೆ ತರವಾಡಿನ ಪ್ರಶ್ನೆಗೆ ಕುಳಿತುಕೊಳ್ಳುವುದು ಈ ನಾಡಿನಲ್ಲಿ ವಿಚಿತ್ರವೆನಿಸದು. ಅದನ್ನು ಕಪಟವೆಂದು ತಳ್ಳಿಹಾಕುವುದು ಅವಸರದ ವಿಮರ್ಶೆ. ಅಂಥ ಅರಿವಿಗೆ ಇಲ್ಲಿ ವೇಷವಿದೆ, ವಿಧಿಯಿದೆ, ಕಾಣಿಕೆಯಿದೆ. ಮುಖ್ಯವಾಗಿ, ಕೇಳಿದವರನ್ನು ಕಟ್ಟಿಹಾಕುವ ಅಧಿಕಾರವಿದೆ.

ಮೂಕಜ್ಜಿಗೆ ಇವು ಯಾವುವೂ ಇಲ್ಲ. ಬಾಲ್ಯದಲ್ಲೇ ವಿಧವೆಯಾದವಳಿಗೆ ಶುಭಕಾರ್ಯಗಳಲ್ಲಿ ಸ್ಥಾನವೇ ಇಲ್ಲ. ಅಶ್ವತ್ಥದ ಬುಡದಲ್ಲಿ ಕೂತು ಅವಳು ಆಡಿದ್ದನ್ನು ಊರು ಅರಳುಮರುಳೆಂದು ಬದಿಗೆ ಸರಿಸಬಹುದು. ದೈವವೇ ತನ್ನ ಬಾಯಿಂದ ನುಡಿಯುತ್ತಿದೆ ಎನ್ನುವವಳಲ್ಲ ಅವಳು. ಕಂಡದ್ದನ್ನು ಹೇಳುತ್ತಾಳೆ, ನಂಬುವುದೂ ಬಿಡುವುದೂ ಕೇಳಿದವನಿಗೆ ಸೇರಿದ್ದು. ಪಾತ್ರಿಯ ಮೈದುಂಬುವಿಕೆಗೂ ತತ್ತ್ವಪದ್ಧತಿಗೂ ಕನ್ನಡ ಬಳಸುವ ‘ದರ್ಶನ’ವೆಂಬ ಪದ ಕಾರಂತರ ಕೈಗೆ ಎಟುಕುವಷ್ಟು ಹತ್ತಿರದಲ್ಲೇ ಇತ್ತು. ಅವರು ಶೀರ್ಷಿಕೆಗೆ ಆರಿಸಿಕೊಂಡದ್ದು ‘ಕನಸು’. ಕನಸಿಗೆ ಸಾಕ್ಷಿ ಕೇಳುವವರಿಲ್ಲ. ಕನಸನ್ನು ಆಜ್ಞೆಯೆಂದು ಪಾಲಿಸಬೇಕಾದ ಹೊಣೆಯೂ ಯಾರಿಗಿಲ್ಲ. ಇಂಗ್ಲಿಷಿಗೆ ಹೋಗುವಾಗ ಶೀರ್ಷಿಕೆ ‘ಡ್ರೀಮ್’ ಅನ್ನು ಬಿಟ್ಟು ‘ವಿಷನ್’ ಅನ್ನು ಹಿಡಿಯಿತು. ಆ ಪದಕ್ಕೆ ಪ್ರವಾದಿಗಳ ನಂಟಿದೆ, ಮುನ್ನೋಟದ ಗಾಂಭೀರ್ಯವಿದೆ. ಕನ್ನಡದಲ್ಲಿ ತನ್ನನ್ನು ತಾನೇ ಅರ್ಧ ಅಲ್ಲಗಳೆದುಕೊಂಡಿದ್ದ ಅರಿವು ಅನುವಾದದಲ್ಲಿ ಪೀಠವೇರಿತು. ಎರಡು ಭಾಷೆಗಳಲ್ಲಿ ಇದನ್ನು ಓದುವವರು ಎರಡು ಬೇರೆ ಪ್ರಮಾಣಗಳನ್ನು ಎದುರಿಸುತ್ತಾರೆ.

ಇಷ್ಟಾದರೂ ಕೃತಿಯ ದೌರ್ಬಲ್ಯ ಮುಚ್ಚಿಹೋಗದು. ಇತಿಹಾಸಪೂರ್ವದ ಬೇಟೆಗಾರರು, ಮಾತೃದೇವತೆ, ಲಿಂಗ-ಯೋನಿಗಳ ಆರಾಧನೆ ಮೊದಲಾದ ಕಡೆ ಅಜ್ಜಿ ಕಾಣುವುದು ಅಂದಿನ ವಿದ್ವಾಂಸರು ಪುಸ್ತಕಗಳಲ್ಲಿ ಊಹಿಸಿದ್ದಕ್ಕೆ ತೀರ ಹತ್ತಿರವಾಗಿದೆ. ಅಲ್ಲಿ ಕನಸು ತನ್ನ ಅನಿಶ್ಚಯವನ್ನು ಕಳೆದುಕೊಂಡು ಪಾಠವಾಗುತ್ತದೆ. ವಿಜ್ಞಾನದ ಊಹೆ ನಾಳೆ ತಿದ್ದುಪಡಿಗೆ ಒಳಗಾಗಬಹುದು. ಅಜ್ಜಿ ಕಣ್ಣಾರೆ ಕಂಡದ್ದನ್ನು ತಿದ್ದುವುದು ಹೇಗೆ?

ಕಾರಂತರ ಸಂದೇಹವಾದರೋ ಧರ್ಮದ ಬಳಿಗೇ ನಿಂತದ್ದಲ್ಲ. ಕೈಗಾ ಅಣುಸ್ಥಾವರವನ್ನು ವಿರೋಧಿಸಿ, 1989ರಲ್ಲಿ ಲೋಕಸಭಾ ಚುನಾವಣೆಗೂ ನಿಂತು ಸೋತ ಅವರು, ತಜ್ಞರು ಹೇಳಿದ ಮಾತ್ರಕ್ಕೆ ಒಪ್ಪಬೇಕಾದ ವಿಜ್ಞಾನವನ್ನೂ ಪ್ರಶ್ನಿಸಿದರು. ಪ್ರಶ್ನೆಗೆ ಎಡೆಗೊಡದ ಅಧಿಕಾರ ಪೂಜಾರಿಯದಾದರೂ ಇಂಜಿನಿಯರನದಾದರೂ ಅವರಿಗೆ ಸಮ್ಮತವಿರಲಿಲ್ಲ.

ಆದ್ದರಿಂದಲೇ ಕಾದಂಬರಿಯಲ್ಲಿ ಹೆಚ್ಚು ಮನವೊಪ್ಪುವ ಪುಟಗಳು ಗತಕಾಲದ ದೃಶ್ಯಗಳವಲ್ಲ, ನಾಗಿಯವು. ಊರು ನಡತೆಗೆಟ್ಟವಳೆಂದು ದೂರವಿಟ್ಟ ಈ ಹೆಣ್ಣಿನ ಬಗ್ಗೆ ಅಜ್ಜಿ ಮಾತನಾಡುವಾಗ ಅಂಗೈಯಲ್ಲಿ ಯಾವ ಪುರಾತನ ವಸ್ತುವೂ ಬೇಕಾಗುವುದಿಲ್ಲ. ತನ್ನದೇ ಬದುಕಿನಲ್ಲಿ ಏನೇನು ಕೈತಪ್ಪಿತು ಎಂದು ಬಲ್ಲ ಎಂಬತ್ತರ ಮುದುಕಿಯ ತಿಳಿವಳಿಕೆಯಷ್ಟೇ ಅಲ್ಲಿ ಸಾಕಾಗಿದೆ.