ಮೊದಲು ಸ್ಪೀಕರ್, ಆಮೇಲೆ ಮಾಡೆಲರ್

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಜಾತ್ರೆ, ಉರುಸು, ಗಣೇಶೋತ್ಸವಗಳ ರಸಮಂಜರಿ ವೇದಿಕೆಯಲ್ಲಿ ಎಲೆಕ್ಟ್ರಿಕ್ ಗಿಟಾರ್ ನುಡಿಸುವ ಕಲಾವಿದನಿಗೆ ತನ್ನ ವಾದ್ಯದ ಜೊತೆಗೆ ಅಗತ್ಯವಾಗಿ ಬೇಕಾಗುವ ಸಾಧನಗಳು ಎರಡು. ಒಂದು, ಹಳೆಯ ಪ್ರಸಿದ್ಧ ಆಂಪ್ಲಿಫೈಯರುಗಳ ಧ್ವನಿಗುಣವನ್ನು ಗಣಕದ ಲೆಕ್ಕಾಚಾರದ ಮೂಲಕ ಮರುಸೃಷ್ಟಿಸುವ, ಕಾಲಿನಿಂದ ಒತ್ತಿ ನಡೆಸಬಹುದಾದ ಪೆಟ್ಟಿಗೆ. ಇದನ್ನು ಆಂಪ್ ಮಾಡೆಲರ್ ಎನ್ನುತ್ತಾರೆ. ಇನ್ನೊಂದು, ಶಕ್ತಿವರ್ಧಕವನ್ನು ತನ್ನೊಳಗೇ ಇಟ್ಟುಕೊಂಡಿರುವ ಪವರ್ಡ್ ಸ್ಪೀಕರ್. ಕೊಳ್ಳುವವರ ಚರ್ಚೆಯೆಲ್ಲ ಮೊದಲನೆಯದರ ಸುತ್ತಲೇ ನಡೆದು, ಎರಡನೆಯದನ್ನು ಉಳಿದ ಹಣದಲ್ಲಿ ಕೊಳ್ಳುವುದು ರೂಢಿಯಾಗಿದೆ. ಈ ಕ್ರಮ ತಿರುಗಬೇಕು ಎಂಬುದೇ ಈ ವಾರದ ಅಂಕಣದ ವಾದ.

ಎಲೆಕ್ಟ್ರಿಕ್ ಗಿಟಾರಿನಲ್ಲಿ ಆಂಪ್ಲಿಫೈಯರು ಧ್ವನಿಯನ್ನು ಹಿಗ್ಗಿಸುವ ಸಾಧನವಷ್ಟೇ ಅಲ್ಲ, ವಾದ್ಯದ ಅರ್ಧ ಭಾಗ. 1950ರ ದಶಕದ ಕೊನೆಯಲ್ಲಿ ಬಂದ ವಾಕ್ಸ್ ಎಸಿ30, 1960ರ ದಶಕದ ಆರಂಭದಲ್ಲಿ ಲಂಡನ್ನಿನ ಜಿಮ್ ಮಾರ್ಷಲ್ ಅಂಗಡಿಯಲ್ಲಿ ರೂಪುಗೊಂಡ ಜೆಟಿಎಂ45, ಅಮೆರಿಕದ ಫೆಂಡರ್ ಕಂಪನಿಯ ಆಂಪ್ಲಿಫೈಯರುಗಳು, ಇವೆಲ್ಲ ನಿರ್ವಾತ ಕವಾಟಗಳನ್ನು, ಅಂದರೆ ಹಳೆಯ ರೇಡಿಯೋಗಳಲ್ಲಿದ್ದಂಥ ಗಾಜಿನ ವಾಲ್ವುಗಳನ್ನು ಬಳಸುತ್ತಿದ್ದವು. ವಾಲ್ವಿನ ಮೇಲೆ ಅದರ ತಾಳಿಕೆಗೆ ಮೀರಿದ ಸಂಕೇತ ಬಿದ್ದಾಗ ಅಲೆಯ ತುದಿಗಳು ಮೆಲ್ಲಗೆ ಚಪ್ಪಟೆಯಾಗಿ, ಮೂಲ ಸ್ವರದ ಜೊತೆಗೆ ಹೊಸ ಉಪಸ್ವರಗಳು ಹುಟ್ಟಿಕೊಳ್ಳುತ್ತವೆ, ಇದೇ ಡಿಸ್ಟಾರ್ಷನ್. ಇಂಥ ಆಂಪ್ಲಿಫೈಯರಿನ ಹನ್ನೆರಡು ಇಂಚಿನ ಸ್ಪೀಕರು ಸುಮಾರು 5000 ಹರ್ಟ್ಸ್‌ಗಿಂತ ಮೇಲಿನ ಕಂಪನಗಳನ್ನು ಬಹುಪಾಲು ಹೊರಡಿಸುವುದೇ ಇಲ್ಲ. ವಾಲ್ವು ಹುಟ್ಟಿಸಿದ ಉಪಸ್ವರಗಳ ಒರಟುತನವನ್ನು ಸ್ಪೀಕರಿನ ಈ ಅಸಾಮರ್ಥ್ಯವೇ ಸೋಸಿ, ಜಗತ್ತು ಮೆಚ್ಚಿದ ಗಿಟಾರ್ ನಾದವನ್ನು ಕೊಡುತ್ತದೆ. ಎಸಿ30ರ ತೂಕ ಸುಮಾರು 30 ಕಿಲೋ. ಅದರ ವಾಲ್ವುಗಳು ಕಾಲಕಾಲಕ್ಕೆ ಬದಲಾಗಬೇಕು, ಮುಂದೆ ಮೈಕ್ ಇಡಬೇಕು, ಒಳ್ಳೆಯ ನಾದ ಬರಬೇಕಾದರೆ ಗಟ್ಟಿಯಾಗಿಯೇ ನುಡಿಸಬೇಕು. ಒಂದೇ ಟೆಂಪೋದಲ್ಲಿ ಊರಿಂದೂರಿಗೆ ಸಾಗುವ ತಂಡಕ್ಕೆ ಇದು ಒಗ್ಗುವಂಥದ್ದಲ್ಲ.

ಮಾಡೆಲರ್ ಈ ಇಡೀ ಸರಪಳಿಯನ್ನು, ಎಂದರೆ ವಾಲ್ವು, ಸ್ವರ ತಿದ್ದುವ ಗುಬಟುಗಳು, ಮರದ ಪೆಟ್ಟಿಗೆ, ಸ್ಪೀಕರು, ಅದರ ಮುಂದಿನ ಮೈಕು ಇವೆಲ್ಲವನ್ನೂ, ಅಂಕೆಗಳಲ್ಲಿ ಕಟ್ಟಿಕೊಡುತ್ತದೆ. ಲೈನ್ 6 ಕಂಪನಿಯ ಪಾಡ್ ಎಂಬ ಕೆಂಪು ಬಣ್ಣದ ಸಣ್ಣ ಸಾಧನ 1998ರಲ್ಲಿ ಬಂದು ಈ ವಿದ್ಯೆಯನ್ನು ಸಾಮಾನ್ಯ ಕಲಾವಿದರವರೆಗೆ ತಲುಪಿಸಿತು. ಇಂದು ಇದಕ್ಕೆ ಎರಡು ಮಾರ್ಗಗಳಿವೆ. ಮೂಲ ಆಂಪ್ಲಿಫೈಯರಿನ ವಿದ್ಯುನ್ಮಂಡಲದ ಒಂದೊಂದು ಭಾಗದ ವರ್ತನೆಯನ್ನೂ ಸಮೀಕರಣಗಳಲ್ಲಿ ಬರೆಯುವುದು ಮೊದಲನೆಯದು. ನಿಜವಾದ ಆಂಪ್ಲಿಫೈಯರಿಗೆ ಪರೀಕ್ಷಾ ಸಂಕೇತವನ್ನು ಕಳುಹಿಸಿ, ಅದು ಹೊರಬರುವಾಗ ಆದ ಬದಲಾವಣೆಯನ್ನು ಕಲಿತು ನಕಲು ಮಾಡುವುದು ಎರಡನೆಯದು. ಇದನ್ನು ಕ್ಯಾಪ್ಚರ್ ಅಥವಾ ಪ್ರೊಫೈಲ್ ಎನ್ನುತ್ತಾರೆ. 2011ರಲ್ಲಿ ಪರಿಚಯವಾದ ಜರ್ಮನಿಯ ಕೆಂಪರ್, ಅನಂತರದ ಕ್ವಾಡ್ ಕಾರ್ಟೆಕ್ಸ್, 2022ರಲ್ಲಿ ಬಂದ ಟೋನೆಕ್ಸ್ ಇವು ಈ ಎರಡನೆಯ ಮಾರ್ಗದವು. ಇದೇ ಕೆಲಸವನ್ನು ಗಣಕದಲ್ಲಿ ಮಾಡುವ ನ್ಯೂರಲ್ ಆಂಪ್ ಮಾಡೆಲರ್ ಎಂಬ ತಂತ್ರಾಂಶ ಉಚಿತವಾಗಿಯೇ ಸಿಗುತ್ತದೆ. ಎರಡೂ ಮಾರ್ಗಗಳು ಈಗ ಎಷ್ಟು ಪಳಗಿವೆಯೆಂದರೆ, ಢೋಲಕ್, ಕೀಬೋರ್ಡ್, ಪ್ಯಾಡ್ ಮತ್ತು ಗಾಯಕರ ನಡುವೆ ತೆರೆದ ಬಯಲಿನಲ್ಲಿ ಕೇಳಿಬರುವ ಗಿಟಾರಿನಲ್ಲಿ ಮಧ್ಯಮ ಬೆಲೆಯ ಮಾಡೆಲರಿಗೂ ಅದರ ಹಲವು ಪಟ್ಟು ಬೆಲೆಯದಕ್ಕೂ ಇರುವ ವ್ಯತ್ಯಾಸವನ್ನು ಕೇಳುಗರಿರಲಿ, ಪಕ್ಕದ ವಾದಕರೂ ಗುರುತಿಸುವುದು ಕಷ್ಟ.

ಆದುದರಿಂದ ಮಾಡೆಲರಿನ ಆಯ್ಕೆಯಲ್ಲಿ ನೋಡಬೇಕಾದದ್ದು ಅದರೊಳಗೆ ಎಷ್ಟು ನೂರು ಆಂಪ್ಲಿಫೈಯರುಗಳಿವೆ ಎಂಬುದನ್ನಲ್ಲ. ಸಂಜೆಯ ಓರೆ ಬಿಸಿಲಿನಲ್ಲಿ ಪರದೆಯ ಅಕ್ಷರ ಕಾಣುತ್ತದೆಯೇ, ಚಪ್ಪಲಿ ಕಳಚಿದ ಬರಿಗಾಲಿನಿಂದಲೂ ಸ್ವಿಚ್ಚನ್ನು ತಪ್ಪದೆ ಒತ್ತಬಹುದೇ, ಉದ್ದನೆಯ ತಂತಿಯಲ್ಲಿ ಗುಂಯ್‌ಗುಡುವಿಕೆಯನ್ನು ತಡೆಯುವ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಹೊರದಾರಿ ಇದೆಯೇ, ಎಲ್ಲ ನಾದಗಳಿಗೂ ಒಮ್ಮೆಗೇ ಅನ್ವಯಿಸುವ ಸ್ವರ ತಿದ್ದುವಿಕೆ, ಅಂದರೆ ಗ್ಲೋಬಲ್ ಈಕ್ಯೂ, ಸುಲಭವಾಗಿ ಕೈಗೆ ಸಿಗುತ್ತದೆಯೇ ಎಂಬ ನಾಲ್ಕು ಮಾತುಗಳಿಗೆ ಹೌದೆನ್ನುವ ಪೆಟ್ಟಿಗೆ ಸಾಕು. ಲೆಕ್ಕಾಚಾರಕ್ಕೆ ಹಿಡಿಯುವ ಸಮಯದಿಂದ ನಾದ ತಡವಾಗುತ್ತದೆ ಎಂಬ ಅಂಜಿಕೆಗೂ ಇಂದು ಆಧಾರವಿಲ್ಲ. ಒಳ್ಳೆಯ ಮಾಡೆಲರುಗಳಲ್ಲಿ ಈ ತಡ ಸೆಕೆಂಡಿನ ಸಾವಿರ ಪಾಲುಗಳಲ್ಲಿ ಎರಡರಿಂದ ನಾಲ್ಕು ಪಾಲು ಮಾತ್ರ. ಗಾಳಿಯಲ್ಲಿ ಶಬ್ದ ಒಂದು ಮೀಟರ್ ಸಾಗಲು ಹೆಚ್ಚುಕಡಿಮೆ ಅಂಥ ಮೂರು ಪಾಲು ಬೇಕಾಗುವುದರಿಂದ, ಸ್ಪೀಕರಿನಿಂದ ಒಂದು ಹೆಜ್ಜೆ ಹಿಂದೆ ಸರಿದು ನಿಂತಂತಾಯಿತು, ಅಷ್ಟೆ.

ಸ್ಪೀಕರಿನ ವಿಷಯ ಹೀಗೆ ಹಗುರವಾಗಿ ಮುಗಿಯುವುದಿಲ್ಲ. ಮಾಡೆಲರ್ ತನ್ನೊಳಗೇ ಗಿಟಾರ್ ಸ್ಪೀಕರಿನ ಗುಣವನ್ನು ಸೇರಿಸಿ ಕಳುಹಿಸುವುದರಿಂದ, ಅದನ್ನು ಹೊರಡಿಸುವ ಸ್ಪೀಕರು ತನ್ನ ಕಡೆಯಿಂದ ಏನನ್ನೂ ಕೂಡಿಸಬಾರದು, ಏನನ್ನೂ ಕಳೆಯಬಾರದು. ಇಂಥ ಪೂರ್ಣ ವ್ಯಾಪ್ತಿಯ, ಏರುಪೇರಿಲ್ಲದ ಸ್ಪೀಕರನ್ನು ಗಿಟಾರ್ ವಲಯದಲ್ಲಿ ಎಫ್‌ಆರ್‌ಎಫ್‌ಆರ್ ಎಂದು ಕರೆಯುತ್ತಾರೆ. ಆ ಹೆಸರನ್ನೇ ಹಣೆಗೆ ಅಂಟಿಸಿಕೊಂಡು ಬರುವ ಪೆಟ್ಟಿಗೆಗಳಿದ್ದರೂ, ಯಮಹಾ, ಕ್ಯೂಎಸ್‌ಸಿ, ಆರ್‌ಸಿಎಫ್, ಜೆಬಿಎಲ್ ಮುಂತಾದ ಕಂಪನಿಗಳು ಸಾರ್ವಜನಿಕ ಕಾರ್ಯಕ್ರಮಗಳಿಗೆಂದೇ ಮಾಡುವ ಹತ್ತು ಅಥವಾ ಹನ್ನೆರಡು ಇಂಚಿನ ಪವರ್ಡ್ ಸ್ಪೀಕರುಗಳು ಅದೇ ಕೆಲಸವನ್ನು, ಹಲವು ವೇಳೆ ಇನ್ನೂ ಚೆನ್ನಾಗಿ, ಮಾಡುತ್ತವೆ. ಈ ಪೆಟ್ಟಿಗೆಯಲ್ಲಿ ತಗ್ಗು ಮತ್ತು ನಡು ಸ್ವರಗಳಿಗೆ ದೊಡ್ಡ ಕೋನೂ, ಮೇಲಿನ ಸ್ವರಗಳಿಗೆ ಹಾರ್ನಿನೊಳಗೆ ಕೂತ ಸಣ್ಣ ಡ್ರೈವರೂ ಇರುತ್ತವೆ. ಇವುಗಳ ನಡುವೆ ಕೆಲಸ ಹಂಚುವ ಗಡಿಗೆ ಕ್ರಾಸ್‌ಓವರ್ ಎಂದು ಹೆಸರು. ಈ ಗಡಿ ಬಹಳಷ್ಟು ಪೆಟ್ಟಿಗೆಗಳಲ್ಲಿ 2000 ಹರ್ಟ್ಸ್‌ನ ಆಸುಪಾಸಿನಲ್ಲಿದೆ. ಗಿಟಾರಿನ ಮೊನಚೂ ಮನುಷ್ಯಧ್ವನಿಯ ಸ್ಪಷ್ಟತೆಯೂ ನೆಲೆಸಿರುವುದು ಅಲ್ಲಿಯೇ ಆದ್ದರಿಂದ, ಅಗ್ಗದ ಸ್ಪೀಕರು ಸೋಲುವುದೂ ಅಲ್ಲಿಯೇ: ತಗ್ಗಿಸಿದಾಗ ಹಿತವಾಗಿದ್ದ ನಾದ ಏರಿಸಿದೊಡನೆ ಕಿವಿಗೆ ತಗಡು ಬಡಿದಂತಾಗುತ್ತದೆ. ಯಾವ ಬೆಲೆಯ ಮಾಡೆಲರೂ ಈ ದೋಷವನ್ನು ತಿದ್ದಲಾರದು.

ಅಂಗಡಿಯಲ್ಲಿ ಮೊದಲು ಕೇಳಿಬರುವ ವ್ಯಾಟಿನ ಅಂಕಿ ಆಯ್ಕೆಗೆ ಹೆಚ್ಚು ನೆರವಾಗದು. ವ್ಯಾಟ್ ಇಮ್ಮಡಿಯಾದರೆ ಶಬ್ದಮಟ್ಟ ಏರುವುದು 3 ಡೆಸಿಬೆಲ್ ಮಾತ್ರ, ಕಿವಿಗೆ ಇಮ್ಮಡಿ ಎನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು. ಹೀಗಾಗಿ 500 ವ್ಯಾಟಿನ ಸ್ಪೀಕರಿಗೂ 1000 ವ್ಯಾಟಿನದಕ್ಕೂ ನಡುವಣ ಅಂತರ ಕೊಳ್ಳುವವನು ಊಹಿಸಿಕೊಂಡದ್ದಕ್ಕಿಂತ ಬಹಳ ಕಡಿಮೆ. ಬಯಲಿನಲ್ಲಿ ದೂರ ಇಮ್ಮಡಿಯಾದಂತೆಲ್ಲ ಶಬ್ದ 6 ಡೆಸಿಬೆಲ್ ಇಳಿಯುತ್ತದೆ ಎಂಬ ನಿಯಮವನ್ನೂ ಇದಕ್ಕೆ ಸೇರಿಸಿ ನೋಡಬೇಕು. ಒಂದು ಮೀಟರಿನಲ್ಲಿ ಗರಿಷ್ಠ 130 ಡೆಸಿಬೆಲ್ ಎಂದು ಬರೆದಿರುವ ಸ್ಪೀಕರು 16 ಮೀಟರಿನಲ್ಲಿ ಕೊಡುವುದು 106. ಆ ಗರಿಷ್ಠವೂ ಕ್ಷಣಮಾತ್ರದ್ದಾದ್ದರಿಂದ ಸಂಗೀತದ ಸರಾಸರಿ ಮಟ್ಟ ಇನ್ನೂ ಹತ್ತು ಡೆಸಿಬೆಲ್‌ಗಿಂತ ಹೆಚ್ಚು ಕೆಳಗಿರುತ್ತದೆ. ವ್ಯಾಟಿಗೆ ಬದಲು ಈ ಗರಿಷ್ಠ ಶಬ್ದಮಟ್ಟವನ್ನೂ ಹಾರ್ನಿನ ಹರವಿನ ಕೋನವನ್ನೂ ಕೇಳಿ ತಿಳಿಯುವುದು ಲೇಸು. ಹರವು ಕಿರಿದಾಗಿದ್ದರೆ ಎದುರಿಗೆ ಕೂತವರಿಗೆ ಒಂದು ನಾದ, ಬದಿಗೆ ಕೂತವರಿಗೆ ಮತ್ತೊಂದು ನಾದ ಕೇಳಿಸುತ್ತದೆ.

ಗಿಟಾರಿಗೆಂದೇ ಮಾಡಿದ ಕ್ಯಾಬಿನೆಟ್ಟನ್ನು ಬಿಟ್ಟು ಪೂರ್ಣ ವ್ಯಾಪ್ತಿಯ ಸ್ಪೀಕರನ್ನೇ ಈ ಸೀಮೆಯವರು ಆರಿಸಬೇಕೆನ್ನಲು ಇಲ್ಲಿನದೇ ಆದ ಬಲವಾದ ಕಾರಣವೊಂದಿದೆ. ಇದು ಶ್ರೀಕೃಷ್ಣ ಪಾರಿಜಾತದ ನೆಲ. ಅಪರಾಳ ತಮ್ಮಣ್ಣನ ಹೆಸರಿನೊಂದಿಗೆ ಬೆಸೆದುಕೊಂಡಿರುವ ಈ ಬಯಲಾಟವನ್ನು ರಂಗದ ಮೇಲೆ ಬೆಳೆಸಿದ ಕುಲಗೋಡ ತಮ್ಮಣ್ಣನ ಊರು ಇಂದಿನ ಮೂಡಲಗಿ ತಾಲ್ಲೂಕಿನಲ್ಲಿದೆ. ಅದಕ್ಕೆ ನಾಡಿನಾದ್ಯಂತ ಹೆಸರು ತಂದ ಕೌಜಲಗಿ ನಿಂಗಮ್ಮನವರು ಗೋಕಾಕ ಸೀಮೆಯವರು. ಸತ್ಯಭಾಮೆ ರುಕ್ಮಿಣಿಯರ ಕಥೆಯನ್ನು ಹಾಡಿನಲ್ಲೂ ಮಾತಿನಲ್ಲೂ ನಡೆಸುವ ಈ ಆಟಕ್ಕೆ ಹಾರ್ಮೋನಿಯಂ, ತಬಲಾ, ತಾಳಗಳ ಹಿಮ್ಮೇಳವಿದೆ. ದೂತಿ ಪಾತ್ರದ ಚುರುಕಾದ ಮಾತಿನ ಒಂದೊಂದು ಅಕ್ಷರವೂ ಕೊನೆಯ ಸಾಲಿನವರೆಗೆ ಮುಟ್ಟದಿದ್ದರೆ ಆಟದ ರಸವೇ ಹೋಗುತ್ತದೆ. ಸಕಾರ, ಶಕಾರ, ತಕಾರಗಳಂಥ ವ್ಯಂಜನಗಳ ಗುರುತು ಬಹುಪಾಲು 2000 ಹರ್ಟ್ಸ್‌ನಿಂದ ಮೇಲಕ್ಕೆ ಹರಡಿರುವುದರಿಂದ, 5000ಕ್ಕೆ ನಿಲ್ಲುವ ಗಿಟಾರ್ ಕ್ಯಾಬಿನೆಟ್ಟಿನಲ್ಲಿ ಹಾಡಿನ ಸಾಹಿತ್ಯ ಮಸುಕಾಗುತ್ತದೆ, ಹಾರ್ಮೋನಿಯಂನ ರೀಡುಗಳ ಹೊಳಪು ಸತ್ತುಹೋಗುತ್ತದೆ. ಪೂರ್ಣ ವ್ಯಾಪ್ತಿಯ ಒಳ್ಳೆಯ ಸ್ಪೀಕರು ಒಂದು ರಾತ್ರಿ ರಸಮಂಜರಿಯ ಗಿಟಾರಿಗೆ, ಮರುರಾತ್ರಿ ಪಾರಿಜಾತದ ಮೇಳಕ್ಕೆ, ಶ್ರಾವಣದಲ್ಲಿ ಗುಡಿಯ ಭಜನೆಗೆ ಒದಗುತ್ತದೆ. ಹಳ್ಳಿಯ ಕಲಾವಿದನ ಹಣ ಒಮ್ಮೆ ಮಾತ್ರ ಖರ್ಚಾಗುವಂಥದ್ದು. ಅದು ಮೂರು ಕಡೆ ದುಡಿಯುವ ವಸ್ತುವಿಗೆ ಹೋಗುವುದೇ ನ್ಯಾಯ.

ಇದರಿಂದ ಸ್ಪೀಕರನ್ನು ಪರೀಕ್ಷಿಸುವ ವಿಧಾನವೂ ತಾನಾಗಿ ಗೊತ್ತಾಗುತ್ತದೆ. ಅಂಗಡಿಯವರು ಹಾಕುವ ದುಂ ದುಂ ಎನ್ನುವ ಚಿತ್ರಗೀತೆಯಿಂದ ಯಾವುದೂ ತಿಳಿಯದು. ಒಂದೇ ಹಾರ್ಮೋನಿಯಂ, ಒಂದೇ ಕಂಠ ಇರುವ ಧ್ವನಿಮುದ್ರಣವೊಂದನ್ನು ಮೊದಲು ಮಾತಾಡುವಷ್ಟು ಮಟ್ಟದಲ್ಲಿ, ಬಳಿಕ ವೇದಿಕೆಯ ಮಟ್ಟದಲ್ಲಿ ಕೇಳಬೇಕು. ಸಾಹಿತ್ಯ ಎರಡರಲ್ಲೂ ಸಮನಾಗಿ ಬಿಡಿಸಿ ಕೇಳಿಸಿದರೆ, ಹತ್ತು ಹೆಜ್ಜೆ ಹಿಂದಕ್ಕೂ ಅಷ್ಟೇ ಬದಿಗೂ ಸರಿದಾಗ ಧ್ವನಿಯ ಬಣ್ಣ ಬದಲಾಗದಿದ್ದರೆ, ಆಮೇಲೆ ಗಿಟಾರನ್ನು ಜೋಡಿಸಿ ನೋಡಬಹುದು.

ಮನೆಯಲ್ಲಿ ರಾತ್ರಿ ಹೆಡ್‌ಫೋನಿನಲ್ಲಿ ಕಟ್ಟಿದ ನಾದ ಜಾತ್ರೆಯ ವೇದಿಕೆಯಲ್ಲಿ ಕರ್ಕಶವಾಗಿಯೂ ಗುಡುಗುಡಿಸುತ್ತಲೂ ಕೇಳುವುದಕ್ಕೆ ಮಾಡೆಲರನ್ನು ದೂರುವವರು ಬಹಳ. ಕಾರಣ ಇರುವುದು ಕಿವಿಯಲ್ಲಿ. ಮೆಲುದನಿಯಲ್ಲಿ ಮನುಷ್ಯನ ಕಿವಿ ತಗ್ಗು ಮತ್ತು ಎತ್ತರದ ಸ್ವರಗಳಿಗೆ ಮಂದವಾಗಿರುತ್ತದೆ, ಧ್ವನಿ ಏರಿದಂತೆ ಆ ಮಂದತೆ ಕಳೆಯುತ್ತದೆ. ಅಮೆರಿಕದ ಬೆಲ್ ಪ್ರಯೋಗಾಲಯದ ಹಾರ್ವೆ ಫ್ಲೆಚರ್ ಮತ್ತು ವೈಲ್ಡನ್ ಮನ್ಸನ್ ಇದನ್ನು 1933ರಲ್ಲಿಯೇ ರೇಖೆಗಳಲ್ಲಿ ತೋರಿಸಿದರು. ಮೆಲುದನಿಯಲ್ಲಿ ಸೊಗಸೆನ್ನಿಸಲೆಂದು ಏರಿಸಿಟ್ಟ ತಗ್ಗು ಮತ್ತು ಎತ್ತರದ ಸ್ವರಗಳು ವೇದಿಕೆಯಲ್ಲಿ ಅತಿಯಾಗುತ್ತವೆ, ನಡುವಿನವು ಹುದುಗಿಹೋಗುತ್ತವೆ. ಆದ್ದರಿಂದ ನಾದವನ್ನು ಕಟ್ಟುವುದು ವೇದಿಕೆಯ ಮಟ್ಟದಲ್ಲಿಯೇ ಆಗಬೇಕು, ಅದೂ ವೇದಿಕೆಗೆ ಒಯ್ಯುವ ಸ್ಪೀಕರಿನಲ್ಲಿಯೇ. ಗಿಟಾರಿನ ಅತಿ ತಗ್ಗಿನ ತಂತಿಯ ಕಂಪನ ಸುಮಾರು 82 ಹರ್ಟ್ಸ್ ಆಗಿರುವುದರಿಂದ 80ಕ್ಕಿಂತ ಕೆಳಗಿನದನ್ನೂ, ಮಾಡೆಲರಿನ ನಾದಕ್ಕೆ ತಕ್ಕಂತೆ 5000ದಿಂದ 7000ದ ಮೇಲಿನದನ್ನೂ ಗ್ಲೋಬಲ್ ಈಕ್ಯೂನಲ್ಲಿ ಕತ್ತರಿಸಿದರೆ ಅರ್ಧ ತೊಂದರೆ ಅಲ್ಲಿಗೇ ಮುಗಿಯುತ್ತದೆ. ಸ್ಪೀಕರನ್ನು ನೆಲದ ಮೇಲೆ ಓರೆಯಾಗಿ ಇಟ್ಟಾಗ ತಗ್ಗು ಸ್ವರಗಳು ನೆಲದಿಂದ ಮತ್ತಷ್ಟು ಉಬ್ಬುತ್ತವೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಕಾನೂನಿನ ಮಿತಿಯೂ ಉತ್ತಮ ಸ್ಪೀಕರಿನ ಪರವಾಗಿಯೇ ಇದೆ. ಕೇಂದ್ರ ಸರ್ಕಾರದ 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತೆರೆದ ಸ್ಥಳದಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಸಾಂಸ್ಕೃತಿಕ, ಧಾರ್ಮಿಕ ಉತ್ಸವಗಳಿಗಾಗಿ ವರ್ಷದಲ್ಲಿ 15 ದಿನ ಮೀರದಂತೆ ರಾತ್ರಿ 12ರವರೆಗೆ ರಾಜ್ಯ ಸರ್ಕಾರ ವಿನಾಯಿತಿ ಕೊಡಬಹುದು. ಶಬ್ದದ ಮೇಲೆ ಇಂಥ ಕಟ್ಟುಪಾಡು ಇರುವಾಗ, ಜನರೆಡೆಗೆ ಮುಖಮಾಡಿ, ಅವರ ಸಮೀಪದಲ್ಲೇ ನಿಂತು, ತಗ್ಗಿದ ಮಟ್ಟದಲ್ಲೂ ತಿಳಿಯಾಗಿ ನುಡಿಯುವ ಎರಡು ಸ್ಪೀಕರುಗಳು, ದೂರದಿಂದ ಅಬ್ಬರಿಸುವ ಡಿಜೆ ಗೋಡೆಗಿಂತ ಎಷ್ಟೋ ಮೇಲು. ಆ ಗೋಡೆಯ ಮುಂದೆ ನಿಂತು ಕೇಳುವ ಮಕ್ಕಳ ಕಿವಿಗಳಿಗೆ ಆಗುವ ಹಾನಿ ಮರಳಿ ಸರಿಹೋಗುವಂಥದ್ದಲ್ಲ.

ಕೊನೆಯದಾಗಿ ವಿದ್ಯುತ್ತಿನ ಮಾತು. ಹುಕ್ಕೇರಿಯಲ್ಲಿ 1969ರಲ್ಲಿ ಆರಂಭವಾದ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ದೇಶದ ಇಂಥ ಮೊದಲ ಕೆಲವು ಸಂಘಗಳಲ್ಲಿ ಒಂದು. ಹಳ್ಳಿಯ ಮನೆಗೂ ಪಂಪ್‌ಸೆಟ್ಟಿಗೂ ವಿದ್ಯುತ್ತು ತಲುಪಿಸಿದ ಹೆಮ್ಮೆ ಅದಕ್ಕಿದೆ. ಆದರೆ ಜಾತ್ರೆಯ ಪೆಂಡಾಲಿಗೆ ವಿದ್ಯುತ್ತು ಬರುವುದು ಬಹಳ ಸಲ ಜನರೇಟರಿನಿಂದ ಅಥವಾ ಉದ್ದನೆಯ ತಾತ್ಕಾಲಿಕ ತಂತಿಯಿಂದ, ಅದರ ಮೇಲೆಯೇ ದೀಪಾಲಂಕಾರವೂ ನಡೆಯುತ್ತಿರುತ್ತದೆ. ವೋಲ್ಟೇಜು ಅರೆಗಳಿಗೆ ಕುಸಿದರೆ ವಾಲ್ವಿನ ಆಂಪ್ಲಿಫೈಯರು ಮಂಕಾಗಿ ಚೇತರಿಸಿಕೊಳ್ಳುತ್ತಿತ್ತು. ಮಾಡೆಲರಾದರೋ ಗಣಕದಂತೆ ಪೂರ್ತಿ ಆರಿ, ಮತ್ತೆ ಹೊತ್ತಿಕೊಳ್ಳುವಷ್ಟರಲ್ಲಿ ಹಾಡಿನ ಚರಣವೊಂದು ದಾಟಿಹೋಗಿರುತ್ತದೆ. ಗಣಕಕ್ಕೆ ಬಳಸುವ ಸಣ್ಣ ಯುಪಿಎಸ್ ಒಂದನ್ನು ಮಾಡೆಲರಿಗೆ ಮೀಸಲಿಟ್ಟರೆ ಈ ಕಂಟಕ ತಪ್ಪುತ್ತದೆ. ಸ್ಪೀಕರಿನ ಬೆನ್ನಿನ ಮೇಲೆ 100ರಿಂದ 240 ವೋಲ್ಟ್ ಎಂದು ಬರೆದಿದ್ದರೆ ಅದು ಕುಸಿತವನ್ನು ತಾಳಿಕೊಳ್ಳುತ್ತದೆ, ಬರೀ 220ರಿಂದ 240 ಎಂದಿದ್ದರೆ ಸ್ಟೆಬಿಲೈಸರ್ ಬೇಕು. ಗುಂಯ್‌ಗುಡುವುದನ್ನು ನಿಲ್ಲಿಸಲು ಮೂರು ಪಿನ್ನಿನ ಪ್ಲಗ್ಗಿನಿಂದ ಅರ್ಥಿಂಗ್ ಪಿನ್ನನ್ನು ಮುರಿದು ತೆಗೆಯುವ ಅಭ್ಯಾಸವನ್ನಂತೂ ಯಾವ ಕಾರಣಕ್ಕೂ ಒಪ್ಪಲಾಗದು. ಅರ್ಥಿಂಗ್ ಇಲ್ಲದ ಸಾಧನದಲ್ಲಿ ಸೋರಿಕೆಯಾದರೆ, ಗಿಟಾರಿನ ತಂತಿಯ ಮೇಲೆ ಕೈಯಿಟ್ಟು ಮೈಕಿಗೆ ತುಟಿ ತಾಗಿಸಿದ ಕಲಾವಿದನ ದೇಹದ ಮೂಲಕ ವಿದ್ಯುತ್ತು ಹರಿದು ಪ್ರಾಣವೇ ಹೋಗಬಹುದು. ಗುಂಯ್ ಶಬ್ದಕ್ಕೆ ಸರಿಯಾದ ಮದ್ದು ಮಾಡೆಲರಿನ ಹಿಂದಿರುವ ಗ್ರೌಂಡ್ ಲಿಫ್ಟ್ ಗುಂಡಿ. ಅದು ಧ್ವನಿಯ ತಂತಿಯ ಕವಚವನ್ನಷ್ಟೇ ಬಿಡಿಸುತ್ತದೆ, ವಿದ್ಯುತ್ತಿನ ರಕ್ಷಣೆಯನ್ನು ಮುಟ್ಟುವುದಿಲ್ಲ.

ಕೊಳ್ಳುವ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಸ್ಪೀಕರಿಗೆ ಹೋಗಲಿ. ಅದನ್ನು ಬೆಳಗಾವಿ, ಕೊಲ್ಲಾಪುರ, ಹುಬ್ಬಳ್ಳಿಗಳಲ್ಲಿ ಎಲ್ಲಿ ದುರಸ್ತಿ ಸಿಗುತ್ತದೋ ಅಲ್ಲಿಯೇ, ಕಿವಿಯಾರೆ ಕೇಳಿ, ಬಿಲ್ಲಿನ ಸಮೇತ ಕೊಳ್ಳುವುದು ಒಳಿತು. ಮಾಡೆಲರನ್ನು ಮರುವರ್ಷಕ್ಕೆ ಬಿಟ್ಟರೂ ನಷ್ಟವಿಲ್ಲ, ಏಕೆಂದರೆ ಅದೇ ಬೆಲೆಗೆ ಆಗ ಇನ್ನೂ ಉತ್ತಮವಾದದ್ದು ಬಂದಿರುತ್ತದೆ.