ಶರೀಫರ ಪದಗಳೂ ಒಂದು ರಾಕ್ ಮೇಳವೂ: ಮರುವಿಮರ್ಶೆ

2008ನೆಯ ಇಸವಿಯ ಮೇ ತಿಂಗಳಲ್ಲಿ ದೇವನಹಳ್ಳಿಯ ಹೊಸ ವಿಮಾನ ನಿಲ್ದಾಣವು ಕಾರ್ಯಾರಂಭ ಮಾಡಿತು. ಅದೇ ವರ್ಷ ಬೆಂಗಳೂರಿನ ‘ರಘು ದೀಕ್ಷಿತ್ ಪ್ರಾಜೆಕ್ಟ್’ ಎಂಬ ರಾಕ್ ಮೇಳದ ಮೊದಲ ಆಲ್ಬಮ್ ಹೊರಬಂದಿತು. ಇವೆರಡಕ್ಕೂ ಕಾರ್ಯಕಾರಣ ಸಂಬಂಧವೇನೂ ಇಲ್ಲ. ಆದರೂ ಅಂದು ದೊಡ್ಡಬಳ್ಳಾಪುರ, ದೇವನಹಳ್ಳಿಗಳ ಕಡೆಯಿಂದ ಬೆಂಗಳೂರಿನ ಕಾಲೇಜುಗಳಿಗೆ ಬಸ್ಸಿನಲ್ಲಿ ಹೋಗಿಬರುತ್ತಿದ್ದ ನಮ್ಮಂಥವರ ನೆನಪಿನಲ್ಲಿ ಅವು ಜೊತೆಯಾಗಿಯೇ ಉಳಿದಿವೆ. ಹೊರಗೆ ಅಗಲವಾಗುತ್ತಿದ್ದ ಬಳ್ಳಾರಿ ರಸ್ತೆ. ಕಿವಿಯಲ್ಲಿ ಗಿಟಾರಿನೊಡನೆ ಶಿಶುನಾಳ ಶರೀಫರ ‘ಗುಡುಗುಡಿಯ ಸೇದಿ ನೋಡೋ’. ಆ ಅಲೆ ಇಳಿದು ಹಲವು ವರ್ಷಗಳಾದುವು. ಮೇಳವು ಇಂದಿಗೂ ಹಾಡುತ್ತಿದೆಯಾದರೂ ಅಂದಿನ ಉಬ್ಬರ ಈಗಿಲ್ಲ. ಆದುದರಿಂದ ಆಗ ಅದರ ವಿಷಯವಾಗಿ ಎದ್ದ ವಾದವನ್ನು ಈಗ ಸಮಾಧಾನದಿಂದ ಪರಿಶೀಲಿಸಬಹುದಾಗಿದೆ.

ಮೇಳದ ವೃತ್ತಾಂತವನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ರಘು ದೀಕ್ಷಿತರು ಮೈಸೂರಿನಲ್ಲಿ ಬೆಳೆದವರು; ಭರತನಾಟ್ಯವನ್ನು ಅಭ್ಯಸಿಸಿದವರು; ಸೂಕ್ಷ್ಮಜೀವಿಶಾಸ್ತ್ರದಲ್ಲಿ ಸ್ನಾತಕೋತ್ತರ ಪದವೀಧರರು. 1990ರ ದಶಕದ ಕೊನೆಯಲ್ಲಿ ಕಟ್ಟಿದ ‘ಅಂತರಾಗ್ನಿ’ ಎಂಬ ಮೇಳವು ಚದರಿಹೋದ ಮೇಲೆ ಈ ಎರಡನೆಯದನ್ನು ಕಟ್ಟಿದರು. ಹಿಂದಿ ಚಿತ್ರಸಂಗೀತದ ವಿಶಾಲ್–ಶೇಖರ್ ಜೋಡಿಯ ಸಂಸ್ಥೆಯು ಪ್ರಕಟಿಸಿದ ಆ ಆಲ್ಬಮಿನಲ್ಲಿ ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಶರೀಫರ ಪದಗಳು ಸೇರಿದ್ದುವು. ಅದೇ ವರ್ಷದ ‘ಸೈಕೋ’ ಚಲನಚಿತ್ರಕ್ಕೆ ದೀಕ್ಷಿತರು ಹಾಡಿದ ಮಹದೇಶ್ವರನ ಹಾಡು ನಮ್ಮ ಊರುಗಳ ಗಣೇಶೋತ್ಸವದ ಧ್ವನಿವರ್ಧಕಗಳಿಗೂ ಏರಿತು. 2010ರಲ್ಲಿ ಮೇಳವು ಬಿ.ಬಿ.ಸಿ.ಯ ದೂರದರ್ಶನದಲ್ಲಿ, ಜೂಲ್ಸ್ ಹಾಲಂಡರ ಕಾರ್ಯಕ್ರಮದಲ್ಲಿ ಕಾಣಿಸಿಕೊಂಡಿತು. ಬಣ್ಣದ ಲುಂಗಿಯುಟ್ಟು ಗೆಜ್ಜೆ ಕಟ್ಟಿ ಗಿಟಾರ್ ಹಿಡಿದು ನಿಂತ ಕನ್ನಡಿಗನನ್ನು ಕಂಡು ನಾವು ಹಿಗ್ಗಿದ್ದೂ ಉಂಟು.

ಆದರೆ ಆಕ್ಷೇಪವೂ ಬಲವಾಗಿಯೇ ಇತ್ತು. ತತ್ತ್ವಪದಗಳ ‘ಮೂಲ ಮಟ್ಟ’ವನ್ನು ಈ ಮೇಳ ಕೆಡಿಸಿತು, ಗಿಟಾರು ಡ್ರಮ್ಮುಗಳ ಅಬ್ಬರದಲ್ಲಿ ಸಂಪ್ರದಾಯ ಮುಳುಗಿತು ಎಂದು ಹಿರಿಯರು ದೂರಿದರು. ನಾವೂ ಒಮ್ಮೆ ಹಾಗೆಯೇ ವಾದಿಸಿದವರು. ಇತಿಹಾಸವನ್ನು ಪಾಠ ಹೇಳತೊಡಗಿದ ಮೇಲೆ ಆ ವಾದದಲ್ಲಿ ನಮಗೆ ನೆಮ್ಮದಿ ಉಳಿಯಲಿಲ್ಲ. ಮೂಲ ಮಟ್ಟವೆಂದರೆ ಯಾವುದು? ಶರೀಫರು ಬದುಕಿದ್ದುದು 1819ರಿಂದ 1889ರವರೆಗೆ. ಭಾರತದಲ್ಲಿ ಗ್ರಾಮಫೋನ್ ಧ್ವನಿಮುದ್ರಣ ಆರಂಭವಾದುದು 1902ರಲ್ಲಿ. ಪದಗಳು ಬಾಯಿಂದ ಬಾಯಿಗೆ, ಊರಿಂದ ಊರಿಗೆ ಸಾಗಿಬಂದುವು. ಒಂದೊಂದು ಭಜನೆಯ ಮೇಳದಲ್ಲಿ ಒಂದೊಂದು ಮಟ್ಟ. ದೂರಿದವರ ಕಿವಿಯಲ್ಲಿ ಮೂಲವೆಂದು ನಿಂತಿದ್ದುದಾದರೋ ಸಿ. ಅಶ್ವತ್ಥರ ಸಂಯೋಜನೆ: ಕ್ಯಾಸೆಟ್ಟುಗಳಿಂದ ಮನೆಮನೆಗೆ ಬಂದುದು, 1990ರ ‘ಸಂತ ಶಿಶುನಾಳ ಶರೀಫ’ ಚಲನಚಿತ್ರದಿಂದ ನಾಡೆಲ್ಲ ಹಬ್ಬಿದುದು. ಅದು ಶ್ರೇಷ್ಠ ಸಂಯೋಜನೆ; ಅಶ್ವತ್ಥರ ಕಂಠದ ಕಸುವು ಮತ್ತೊಬ್ಬರಿಗೆ ಬರುವಂಥದಲ್ಲ. ಆದರೆ 2008ರಲ್ಲಿ ಅದಕ್ಕೆ ಸಂದಿದ್ದ ವಯಸ್ಸು ಎರಡು ಮೂರು ದಶಕ ಮಾತ್ರ. ಅಶ್ವತ್ಥರ ‘ಕನ್ನಡವೇ ಸತ್ಯ’ ಕಾರ್ಯಕ್ರಮಕ್ಕೆ 2005ರಲ್ಲಿ ಜನಸಾಗರ ನೆರೆದ ಅರಮನೆ ಮೈದಾನದಲ್ಲಿಯೇ 2007ರಲ್ಲಿ ಇಂಗ್ಲೆಂಡಿನ ಐರನ್ ಮೇಡನ್ ರಾಕ್ ಮೇಳ ನುಡಿಸಿತೆಂಬುದನ್ನೂ ಇಲ್ಲಿ ನೆನೆಯಬಹುದು.

ವಾದ್ಯಗಳ ಮಾತೂ ಹೀಗೆಯೇ. ಹಾರ್ಮೋನಿಯಂ ಇಲ್ಲದ ಭಜನೆಯನ್ನು ಇಂದು ನಾವು ಊಹಿಸಲಾರೆವು. ಅದಕ್ಕೆ ಪ್ಯಾರಿಸಿನಲ್ಲಿ ಹಕ್ಕುಪತ್ರ ದೊರೆತುದು 1842ರಲ್ಲಿ. ಆಗ ಶರೀಫರಿಗೆ ಇಪ್ಪತ್ತಮೂರು ವರ್ಷ. ಭಾರತೀಯ ಸಂಗೀತಕ್ಕೆ ಒಗ್ಗದೆಂದು ಆಕಾಶವಾಣಿಯು 1940ರಲ್ಲಿ ಅದನ್ನು ನಿಷೇಧಿಸಿತ್ತು. ಆ ನಿಷೇಧ ಸಡಿಲವಾಗಲು 1971 ಬರಬೇಕಾಯಿತು. ಅಂದು ಹಾರ್ಮೋನಿಯಂ ಪರಕೀಯ, ಇಂದು ಗಿಟಾರು ಪರಕೀಯ.

ಹೊಸತು ಹಳೆಯದಾಗಿ ತೋರುವ ಈ ಬಗೆ ನಮ್ಮಲ್ಲಿ ಮಾತ್ರ ಕಾಣುವುದಲ್ಲ. ಕೆನಡಾದ ‘ದಿ ಬ್ಯಾಂಡ್’ ಎಂಬ ರಾಕ್ ಮೇಳವು ಒಂದು ಕಾಲದಲ್ಲಿ ಬಹು ಪ್ರಸಿದ್ಧವಾಗಿತ್ತು. ಅದರ ಐವರಲ್ಲಿ ನಾಲ್ವರು ಕೆನಡಾದವರು, ಒಬ್ಬರು ಅಮೆರಿಕದ ಅರ್ಕನ್ಸಾದವರು. 1969ರಲ್ಲಿ ಅವರು ಅಮೆರಿಕದ ಅಂತರ್ಯುದ್ಧದಲ್ಲಿ ಸೋತ ದಕ್ಷಿಣದ ರೈತನೊಬ್ಬನ ಬಾಯಲ್ಲಿ ಒಂದು ಹಾಡನ್ನಿಟ್ಟರು. ಬರೆದವರು ಕೆನಡಾದ ರಾಬಿ ರಾಬರ್ಟ್‌ಸನ್. ಕೇಳಿದರೆ ನೂರು ವರ್ಷದ ಜನಪದ ಗೀತೆಯೆಂದೇ ಭ್ರಮೆಯಾಗುವಂತಿದೆ. ಕೊನೆಯವರಾಗಿ ಉಳಿದಿದ್ದ ಗಾರ್ತ್ ಹಡ್ಸನ್ 2025ರಲ್ಲಿ ತೀರಿಕೊಂಡರು; ಹಾಡು ಮಾತ್ರ ತಾನು ಎಂದಿನಿಂದಲೂ ಇದ್ದೆನೆಂಬಂತೆ ಇದೆ.

ಹಾಗಾದರೆ ದೀಕ್ಷಿತರ ಮೇಳದಲ್ಲಿ ದೋಷವಿಲ್ಲವೆ? ಉಂಟು, ಆದರೆ ಅದು ಮಟ್ಟದಲ್ಲಿಲ್ಲ, ವಾದ್ಯದಲ್ಲಿಲ್ಲ. ಗುಡುಗುಡಿಯ ಪದವು ಆದ್ಯಂತ ರೂಪಕ. ಅಲ್ಲಿ ಮನಸ್ಸೇ ಸಂಚಿ, ಬುದ್ಧಿಯೇ ಬೆಂಕಿ. ಸೇದುವವನು ಒಳಗಿನ ರೋಗವನ್ನು ಹೊರಹಾಕಬೇಕು. ಮೇಳದ ನಿರೂಪಣೆಯಲ್ಲಿ ಪಲ್ಲವಿಯು ಲಯದ ಮೇಲೇರಿ ಸಭಿಕರ ಚಪ್ಪಾಳೆಯನ್ನು ಸೆಳೆದುಕೊಳ್ಳುತ್ತದೆ. ಚರಣಗಳು ಅದಕ್ಕೆ ಸೇವಕರಂತಾಗುತ್ತವೆ. ಕೇಳುಗನಿಗೆ ಗುಡುಗುಡಿ ಉಳಿಯಿತು, ಸಂಚಿ ಚಿಲುಮೆಗಳ ಒಳಗುಟ್ಟು ಉಳಿಯಲಿಲ್ಲ. ಇದನ್ನು ಹುಕ್ಕಾದ ಹಾಡೆಂದೇ ತಿಳಿದು ಕುಣಿದವರಲ್ಲಿ ನಾವೂ ಇದ್ದೆವು. ‘ಸೋರುತಿಹುದು ಮನೆಯ ಮಾಳಿಗಿ’ ಎಂಬ ಪದಕ್ಕೆ ಒದಗಿದ ಗತಿ ಇಷ್ಟು ಕೆಟ್ಟದಲ್ಲ. ಸೋರುವ ಮಾಳಿಗೆಯ ಕೆಳಗೆ ಮಲಗಿದವರಿಗೆ ಆ ಚಿತ್ರ ತಾನಾಗಿಯೇ ತಿಳಿಯುತ್ತದೆ, ಅಜ್ಞಾನವೆಂಬ ಕಾರಣವನ್ನೂ ಪದವೇ ಬಾಯಿಬಿಟ್ಟು ಹೇಳುತ್ತದೆ. ಮತ್ತೊಂದು ಮಾತನ್ನೂ ಒಪ್ಪಬೇಕು: ಶರೀಫರ ಹೆಸರನ್ನು ಮೊದಲು ಎಲ್ಲಿ ಕೇಳಿದಿರೆಂದು ಕೆಲವು ವರ್ಷಗಳ ಹಿಂದೆ ತರಗತಿಯಲ್ಲಿ ಪ್ರಶ್ನಿಸಿದಾಗ, ಪಠ್ಯಪುಸ್ತಕಕ್ಕಿಂತ ಮೊದಲು ಈ ಮೇಳವನ್ನು ಹೆಸರಿಸಿದ ವಿದ್ಯಾರ್ಥಿಗಳಿದ್ದರು.

ಹೊಸಕೋಟೆ ತಾಲ್ಲೂಕಿನ ಹಳ್ಳಿಗಳಲ್ಲಿ ಕೈವಾರದ ನಾರೇಯಣ ಯತೀಂದ್ರರ, ಎಂದರೆ ಜನ ಕೈವಾರ ತಾತಯ್ಯನೆಂದು ಕರೆಯುವವರ, ಪದಗಳನ್ನು ಹಾಡುವ ಭಜನೆಗಳಿವೆ. ಅವರ ಪದಗಳು ತೆಲುಗಿನಲ್ಲಿಯೂ ಕನ್ನಡದಲ್ಲಿಯೂ ಇವೆ. ನಾವು ಕುಳಿತು ಕೇಳಿದ ಒಂದು ಭಜನೆಯಲ್ಲಿ ಪ್ರತಿ ಚರಣವಾದ ಮೇಲೂ ಹಾರ್ಮೋನಿಯಂ ನಿಂತಿತು. ಹಿರಿಯರೊಬ್ಬರು ತೆಲುಗು ಪದದ ಅರ್ಥವನ್ನು ಕನ್ನಡದಲ್ಲಿ ಬಿಡಿಸಿದರು, ಮಧ್ಯೆ ಊರಿನ ಒಂದೆರಡು ಪ್ರಸಂಗಗಳನ್ನು ಸೇರಿಸಿ ನಗಿಸಿದರು, ಅನಂತರ ಮತ್ತೆ ತಾಳ ಹಿಡಿದರು. ಅರ್ಥ ಹೇಳುವ ಈ ಬಿಡುವೇ ತತ್ತ್ವಪದದ ಅರ್ಧ ಭಾಗ. ರಾಕ್ ಮೇಳದ ಆಲ್ಬಮಿನಲ್ಲಿ ಅದಕ್ಕೆ ಎಡೆಯಿಲ್ಲ. ನ್ಯಾಯವಾಗಿ ನುಡಿಯುವುದಾದರೆ ಅಶ್ವತ್ಥರ ಕ್ಯಾಸೆಟ್ಟಿನಲ್ಲಿಯೂ ಎಡೆಯಿರಲಿಲ್ಲ. ಹೊಸ ಮೇಳದ ಮೇಲೆ ನಾವು ಹೊರಿಸಿದ ನಷ್ಟವು ಅದಕ್ಕಿಂತ ಮೊದಲೇ, ನಾವು ಮೆಚ್ಚಿ ಕೊಂಡ ಕ್ಯಾಸೆಟ್ಟುಗಳಲ್ಲಿಯೇ ಆರಂಭವಾಗಿತ್ತು. ಆ ಹಿರಿಯರ ಭಜನೆಯನ್ನು ಅಂದು ಯುವಕರು ಮೊಬೈಲಿನಲ್ಲಿ ಹಿಡಿದುಕೊಳ್ಳುತ್ತಿದ್ದರು. ಹಾಡು ನಿಂತು ಮಾತು ತೊಡಗಿದೊಡನೆ ಅವರು ಮೊಬೈಲನ್ನು ಕೆಳಗಿಳಿಸುತ್ತಿದ್ದುದನ್ನು ನಾವು ಕಂಡೆವು.