ಒತ್ತಕ್ಷರಕ್ಕೆ ಜಾಗ ಎಲ್ಲಿ?

ಕನ್ನಡದ ಸಾಲಿಗೆ ಮೂರು ಅಂತಸ್ತು. ನಡುವೆ ಅಕ್ಷರದ ಮೈ, ಮೇಲೆ ತಲೆಕಟ್ಟು ಮತ್ತು ಗುಡಿಸು, ಕೆಳಗೆ ಒತ್ತು. ‘ರಾಷ್ಟ್ರೀಯ’ ಎಂದು ಬರೆದರೆ ಷಕಾರದ ಅಡಿಗೆ ಟಕಾರ, ಅದರ ಬೆನ್ನಿಗೆ ರಕಾರ ಬಂದು ಕೆಳಮನೆ ತುಂಬಿಹೋಗುತ್ತದೆ. ರೋಮನ್ ಲಿಪಿಯಲ್ಲಿ ಸಾಲಿನಿಂದ ಕೆಳಗಿಳಿಯುವುದು ಜಿ, ಪಿ, ವೈ ಮುಂತಾದ ಕೆಲವೇ ಸಣ್ಣಕ್ಷರಗಳ ಬಾಲ. ಆ ಬಾಲಕ್ಕೆಂದು ಅಳೆದಿಟ್ಟ ಜಾಗದಲ್ಲಿ ಕನ್ನಡವನ್ನು ಕೂರಿಸಿದಾಗ ಒತ್ತಿನ ಬುಡ ಕತ್ತರಿಸಿಹೋಗುತ್ತದೆ. ವಿಳಾಸ ತುಂಬುವ ಪುಟದಲ್ಲಿ ‘ಹಳ್ಳಿ’ಯ ಒತ್ತು ಮರೆಯಾದರೆ ಉಳಿಯುವುದು ‘ಹಳಿ’. ಊರಿದ್ದ ಕಡೆ ರೈಲು ಓಡುತ್ತದೆ. ಜಾಲತಾಣ ಮತ್ತು ಆ್ಯಪ್‌ಗಳಲ್ಲಿ ಬಳಕೆದಾರರ ಅನುಭವವನ್ನು ರೂಪಿಸುವ ಕೆಲಸಕ್ಕೆ ಕಸುಬಿನವರು ಯುಎಕ್ಸ್ ವಿನ್ಯಾಸ ಎನ್ನುತ್ತಾರೆ. 1990ರ ದಶಕದಲ್ಲಿ ಆಪಲ್ ಕಂಪನಿಯಲ್ಲಿದ್ದ ಡೊನಾಲ್ಡ್ ನಾರ್ಮನ್ ತಮ್ಮ ಹುದ್ದೆಯ ಹೆಸರಿಗೇ ಸೇರಿಸಿಕೊಂಡು ಬಳಕೆಗೆ ತಂದ ಮಾತು ಅದು. ಕನ್ನಡದ ಮಟ್ಟಿಗೆ ಆ ವಿನ್ಯಾಸ ಶುರುವಾಗಬೇಕಾದದ್ದು ಬಣ್ಣದಿಂದಲೂ ಅಲ್ಲ, ಚಿತ್ರದಿಂದಲೂ ಅಲ್ಲ, ಒತ್ತಿನ ಜಾಗದಿಂದ.

ಸಾಲುಗಳ ನಡುವಿನ ಅಂತರ ಅಕ್ಷರದ ಗಾತ್ರದ ಒಂದೂವರೆ ಪಟ್ಟಿದ್ದರೆ ಇಂಗ್ಲಿಷ್ ಪುಟ ಹಾಯಾಗಿ ಓದಿಸಿಕೊಳ್ಳುತ್ತದೆ. ಕನ್ನಡಕ್ಕೆ ಅದಕ್ಕಿಂತ ತುಸು ಹೆಚ್ಚೇ ಬೇಕು. ಇಲ್ಲವಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಕನ್ನಡದಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದವಿಲ್ಲ. ಹೀಗಾಗಿ ಇಂಗ್ಲಿಷಿನಲ್ಲಿ ದೊಡ್ಡಕ್ಷರದಿಂದ ಮೂಡಿಸುವ ಮಹತ್ವವನ್ನು ಇಲ್ಲಿ ಗಾತ್ರ, ಬಣ್ಣ, ದಪ್ಪಗಳಿಂದಲೇ ತರಬೇಕು. ದಪ್ಪವನ್ನೂ ಅತಿ ಮಾಡುವಂತಿಲ್ಲ. ಚಿಕ್ಕ ಗಾತ್ರದಲ್ಲಿ ಅಕ್ಷರ ದಪ್ಪವಾದರೆ ಒಳಗಿನ ಪೊಳ್ಳು ಮುಚ್ಚಿಕೊಂಡು ‘ಥ’ಕ್ಕೂ ‘ಧ’ಕ್ಕೂ ವ್ಯತ್ಯಾಸ ಕಾಣದು.

ಪದಗಳ ಆಯ್ಕೆ ಇದಕ್ಕಿಂತ ಸೂಕ್ಷ್ಮ. ಇಂಗ್ಲಿಷಿನ ‘ಬುಕ್’ ಪುಸ್ತಕವೂ ಹೌದು, ಟಿಕೆಟ್ ಕಾಯ್ದಿರಿಸುವುದೂ ಹೌದು. ಪರದೆಯನ್ನು ನೋಡದೆ ಪದಪಟ್ಟಿಯನ್ನಷ್ಟೇ ಇಟ್ಟುಕೊಂಡು ಅನುವಾದಿಸಿದರೆ ಬಸ್ಸಿನ ಸೀಟಿನ ಪಕ್ಕ ‘ಪುಸ್ತಕ’ ಎಂಬ ಗುಂಡಿ ಬಂದು ಕೂರುತ್ತದೆ. ಕನ್ನಡದ್ದೇ ಆದ ಬಲೆಗಳೂ ಇವೆ. ‘ತೆಗೆ’ ಎಂಬ ಕ್ರಿಯಾಪದವನ್ನೇ ನೋಡಿ: ಬಾಗಿಲು ತೆಗೆ ಎಂದರೆ ತೆರೆಯುವುದು, ಕಸ ತೆಗೆ ಎಂದರೆ ಇಲ್ಲವಾಗಿಸುವುದು, ಫೋಟೊ ತೆಗೆ ಎಂದರೆ ಹೊಸದನ್ನು ಮಾಡುವುದು. ಹಾಗಿರುವಾಗ ಕಡತದ ಎದುರು ‘ತೆಗೆಯಿರಿ’ ಎಂದು ಬರೆದಿದ್ದರೆ ಬೆರಳು ಅನುಮಾನಿಸುತ್ತದೆ, ಅನುಮಾನಿಸಬೇಕಾದ್ದೇ. ‘ತೆರೆಯಿರಿ’ ಮತ್ತು ‘ಅಳಿಸಿ’ ಎಂದು ಬೇರ್ಪಡಿಸಿದರೆ ಗೊಂದಲವಿಲ್ಲ. ಶುದ್ಧ ಕನ್ನಡದ ಹಟವೂ ಎಲ್ಲ ಕಡೆ ಒಳ್ಳೆಯದಲ್ಲ. ‘ಪಾಸ್‌ವರ್ಡ್’, ‘ಓಟಿಪಿ’, ‘ರೀಚಾರ್ಜ್’ ಎಂಬುವು ಸಂತೆಯಲ್ಲೂ ಕೇಳುವ ಮಾತುಗಳು; ಅವುಗಳ ಜಾಗದಲ್ಲಿ ‘ಗುಪ್ತಪದ’, ‘ಏಕಕಾಲಿಕ ಸಂಕೇತ’ ಎಂದು ಬರೆದರೆ ಬಳಸುವವರು ಕನ್ನಡ ಬಿಟ್ಟು ಇಂಗ್ಲಿಷ್ ಪರದೆಗೆ ಹೊರಳುತ್ತಾರೆ.

ವಾಕ್ಯಕ್ಕೆ ಬಂದಾಗ ತೊಡಕು ವ್ಯಾಕರಣದ್ದಾಗುತ್ತದೆ. ಆ್ಯಪ್‌ಗಳಲ್ಲಿ ವಾಕ್ಯದ ನಡುವೆ ಖಾಲಿ ಜಾಗ ಬಿಟ್ಟು, ಊರಿನ ಹೆಸರನ್ನೋ ಮನುಷ್ಯರ ಹೆಸರನ್ನೋ ಆಮೇಲೆ ತುಂಬುವುದು ರೂಢಿ. ಇಂಗ್ಲಿಷಿನಲ್ಲಿ ಊರು ಯಾವುದಾದರೂ ಮುಂದಿರುವ ‘ಟು’ ಬದಲಾಗುವುದಿಲ್ಲ. ಕನ್ನಡದ ವಿಭಕ್ತಿ ಹೆಸರಿನ ಕೊನೆ ನೋಡಿ ರೂಪ ಬದಲಿಸುತ್ತದೆ: ಹುಬ್ಬಳ್ಳಿಗೆ, ಹಾಸನಕ್ಕೆ, ಬೆಂಗಳೂರಿಗೆ. ಎಲ್ಲದಕ್ಕೂ ‘ಗೆ’ ಅಂಟಿಸುವ ಯಂತ್ರ ‘ಹಾಸನಗೆ’, ‘ಬೆಂಗಳೂರುಗೆ’ ಎಂದು ತೊದಲುತ್ತದೆ. ಅಕಾರಾಂತಕ್ಕೆ ಇದು, ಉಕಾರಾಂತಕ್ಕೆ ಅದು ಎಂದು ನಿಯಮ ಬರೆದು ಯಂತ್ರಕ್ಕೆ ಕಲಿಸಬಹುದು. ಊರಿನ ಹೆಸರುಗಳ ಮಟ್ಟಿಗೆ ಅದು ದೊಡ್ಡ ಕೆಲಸವಲ್ಲ. ಅದಕ್ಕಿಂತ ಸುಲಭದ ದಾರಿ, ವಿಭಕ್ತಿಯ ಗೊಡವೆಯೇ ಇಲ್ಲದಂತೆ ಮಾತನ್ನು ಕಟ್ಟುವುದು. ‘ಹೊರಡುವ ಊರು: ಹಾಸನ’, ‘ತಲುಪುವ ಊರು: ಬೆಂಗಳೂರು’ ಎಂದರೆ ಮುಗಿಯಿತು. ಲಿಂಗದ ಸಮಸ್ಯೆಗೆ ಕನ್ನಡದಲ್ಲೇ ಸಿದ್ಧ ಉತ್ತರವಿದೆ. ಸಂದೇಶ ಕಳಿಸಿದವರು ಗಂಡೋ ಹೆಣ್ಣೋ ತಿಳಿಯದಿದ್ದಾಗ ‘ಕಳಿಸಿದ್ದಾರೆ’ ಎಂದರೆ ವ್ಯಾಕರಣವೂ ಉಳಿಯಿತು, ಮರ್ಯಾದೆಯೂ ಉಳಿಯಿತು. ‘ಕಳಿಸಿದ್ದಾರೆ/ಳೆ/ನೆ’ ಎಂದು ಗೀಟು ಎಳೆದು ಬರೆಯುವವರನ್ನು ಕಂಡರೆ ಮರುಕ ಹುಟ್ಟುತ್ತದೆ.

ಟೈಪು ಮಾಡುವ ಕಡೆಯಲ್ಲಿ ಲೆಕ್ಕ ಬೇರೆ. ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸ ‘ನುಡಿ’ ತಂತ್ರಾಂಶದ ಮೂಲಕ ಕಂಪ್ಯೂಟರಿನವರಿಗೆ ರೂಢಿಯಾಯಿತು. ಎಫ್ ಕೀಲಿ ಒತ್ತಿದರೆ ಒತ್ತು ಮೂಡುತ್ತದೆ ಎಂಬುದು ಅವರ ಬೆರಳಿಗೇ ಗೊತ್ತು. ಫೋನಿನಲ್ಲಿ ಬಹಳಷ್ಟು ಜನ ಕನ್ನಡವನ್ನು ರೋಮನ್ ಅಕ್ಷರದಲ್ಲೇ ಬರೆಯುತ್ತಾರೆ, ಅಥವಾ ಮೈಕು ಒತ್ತಿ ಮಾತಾಡಿಬಿಡುತ್ತಾರೆ. ಹುಡುಕುವ ಪೆಟ್ಟಿಗೆ ಈ ಎಲ್ಲಕ್ಕೂ ಓಗೊಡಬೇಕು. ಬರೆದದ್ದರ ಉದ್ದ ಎಣಿಸುವುದರಲ್ಲೂ ತೊಡಕಿದೆ: ಕಂಪ್ಯೂಟರುಗಳು ಅಕ್ಷರಗಳಿಗೆ ಬಳಸುವ ಯೂನಿಕೋಡ್ ಲೆಕ್ಕದಲ್ಲಿ ‘ಸ್ತ್ರೀ’ ಎಂಬ ಒಂದೇ ಅಕ್ಷರಕ್ಕೆ 6 ಸಂಕೇತಗಳು. ಹೆಸರಿಗೆ 20 ಸಂಕೇತಗಳ ಮಿತಿ ಹಾಕಿದ ಪೆಟ್ಟಿಗೆ, ಕಣ್ಣಿಗೆ ಏಳೆಂಟು ಅಕ್ಷರ ಕಾಣುವಷ್ಟರಲ್ಲೇ ತುಂಬಿತೆಂದು ಮುನಿಯಬಹುದು. ಎಸ್ಸೆಮ್ಮೆಸ್‌ನದೂ ಇದೇ ಕಥೆ: ಇಂಗ್ಲಿಷಿನಲ್ಲಿ ಒಂದಕ್ಕೆ 160 ಅಕ್ಷರ ಹಿಡಿದರೆ ಕನ್ನಡದಲ್ಲಿ 70 ಸಂಕೇತ ಮಾತ್ರ. ಬ್ಯಾಂಕಿನ ಕನ್ನಡ ಸಂದೇಶದಲ್ಲಿ ‘ಮಾನ್ಯ ಗ್ರಾಹಕರೇ’ ಎಂಬ ಸಂಬೋಧನೆಗೇ 14 ಖರ್ಚು. ಇನ್ನೊಂದು, ಕಣ್ಣಿಗೆ ಕಾಣದ ತೊಡಕು: ‘ಸಾಫ್ಟ್‌ವೇರ್’ ಎಂದು ಬಿಡಿಸಿ ತೋರಿಸಲು ಟಕಾರದ ನಂತರ ಅಗೋಚರ ಚಿಹ್ನೆಯೊಂದು ಬೇಕು. ಅದಿಲ್ಲದಿದ್ದರೆ ವಕಾರ ಒತ್ತಾಗಿ ‘ಸಾಫ್ಟ್ವೇರ್’ ಆಗುತ್ತದೆ. ಇವೆರಡೂ ಒಂದೇ ಎಂದು ಹುಡುಕಾಟದ ಯಂತ್ರಕ್ಕೆ ಹೇಳಿಕೊಡದಿದ್ದರೆ, ಇದ್ದ ಪುಟವನ್ನೂ ಅದು ಇಲ್ಲವೆನ್ನುತ್ತದೆ.

ಐದು ಜನರ ಕೈಗೆ ಕೊಟ್ಟು ನೋಡಿದರೆ ವಿನ್ಯಾಸದ ಹೆಚ್ಚಿನ ತೊಡಕುಗಳು ಬಯಲಾಗುತ್ತವೆ ಎಂದು ಯುಎಕ್ಸ್ ತಜ್ಞ ಜೇಕಬ್ ನೀಲ್ಸನ್ 2000ರಲ್ಲಿ ವಾದಿಸಿದರು. ಕನ್ನಡದ ಪರದೆಗೆ ಆ ಐವರೂ ಒಂದೇ ಕಚೇರಿಯ ಎಂಜಿನಿಯರುಗಳಾದರೆ ಉಪಯೋಗವಿಲ್ಲ; ಧಾರವಾಡದವರೊಬ್ಬರು, ಮಂಗಳೂರಿನವರೊಬ್ಬರು, ಇಂಗ್ಲಿಷ್ ಓದಲು ಬಾರದವರೊಬ್ಬರು ಇರಲೇಬೇಕು. ಫೋನಿನ ಅಕ್ಷರವನ್ನು ಅತಿ ದೊಡ್ಡದು ಮಾಡಿಕೊಂಡ ಹಿರಿಯರೊಬ್ಬರಿದ್ದರಂತೂ ಅರ್ಧ ಪರೀಕ್ಷೆ ಅಲ್ಲೇ ಆದಂತೆ. ಅವರ ಕೈಯಲ್ಲಿ ಮೊದಲು ‘ಮೊತ್ತ’ದ ಒತ್ತು ಕತ್ತರಿಸಿಹೋಗುತ್ತದೆ, ಆಮೇಲೆ ‘ಪಾವತಿಸಿ’ ಎಂಬುದು ಎರಡು ಸಾಲಾಗಿ ಒಡೆಯುತ್ತದೆ, ಕಡೆಗೆ ಗುಂಡಿಯೇ ಪರದೆಯ ಕೆಳಗೆ ಜಾರಿಹೋಗುತ್ತದೆ.